ಒಗೆಯುವ ಕಲ್ಲಿನ ಮೇಲೆ ರೈಫಲ್

ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಕಲ್ಲು ಬಿಟ್ಟುಕೊಡಬೇಕು. ಅತ್ತೆಯ ಜೊತೆ ಆದ ಒಪ್ಪಂದ ಇಷ್ಟೇ. ಎಂಟರ ನಂತರ ಅದು ಬಟ್ಟೆ ಒಗೆಯುವ ಕಲ್ಲು. ಅದಕ್ಕೆ ಮುಂಚೆ ನನ್ನ ಶೂಟಿಂಗ್ ಬೆಂಚ್.

ಹಿರಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಮಾವನ ಅಡಿಕೆ ತೋಟ. ನಾನಿರುವುದು ಮಣಿಪಾಲದಲ್ಲಿ, ಫ್ಲ್ಯಾಟಿನಲ್ಲಿ. ಅಲ್ಲಿ ಹಾಲ್ ಮತ್ತು ಬೆಡ್‌ರೂಮಿನ ಬಾಗಿಲು ಎರಡೂ ತೆರೆದಿಟ್ಟು ಅಳೆದರೂ ಒಂಬತ್ತು ಮೀಟರ್ ದಾಟುವುದಿಲ್ಲ. ನನಗೆ ಬೇಕಾದದ್ದು 25. ಮಾವನ ಮನೆಯ ಹಿಂದಿನ ಒಗೆಯುವ ಕಲ್ಲಿನಿಂದ ತೋಟದ ಅಂಚಿನ ಮುರಕಲ್ಲಿನ ಗೋಡೆಗೆ ಟೇಪ್ ಹಿಡಿದು ನೋಡಿದೆ. 27 ಮೀಟರ್. ಗೋಡೆಯ ಹಿಂದೆ ಎತ್ತರದ ದರೆ. ಆ ಕಡೆ ಯಾರೂ ಓಡಾಡುವ ಜಾಗ ಅಲ್ಲ. ಇದಕ್ಕಿಂತ ಒಳ್ಳೆಯದು ಎಲ್ಲಿ ಸಿಗಬೇಕು?

ನನ್ನದು 4.5 ಮಿಲಿಮೀಟರಿನ ಏರ್ ರೈಫಲ್. ಪಿಸಿಪಿ ಅನ್ನುತ್ತಾರೆ. ಸ್ಪ್ರಿಂಗ್ ಇಲ್ಲ, ಸಿಲಿಂಡರಿನಲ್ಲಿ 200 ಬಾರ್ ಒತ್ತಡಕ್ಕೆ ತುಂಬಿಟ್ಟ ಗಾಳಿ ಪೆಲೆಟನ್ನು, ಅಂದರೆ ಸೀಸದ ಪುಟ್ಟ ಗುಂಡನ್ನು, ತಳ್ಳುತ್ತದೆ. ನಮ್ಮಲ್ಲಿ 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ 4.5 ಮಿಮೀ ಮತ್ತು 20 ಜೂಲ್ ಶಕ್ತಿ ಮೀರದ ಏರ್ ರೈಫಲಿಗೆ ಲೈಸೆನ್ಸ್ ಬೇಡ. ನನ್ನದು 16 ಜೂಲಿನ ಒಳಗೇ ಇದೆ. ಮಾವನ ಹತ್ತಿರ ಬೆಳೆ ರಕ್ಷಣೆಯ ಲೈಸೆನ್ಸಿನ ನಿಜವಾದ ಕೋವಿ ಉಂಟು. ಚುನಾವಣೆ ಬಂದಾಗಲೆಲ್ಲ ಅದನ್ನು ಹೊತ್ತುಕೊಂಡು ಹೋಗಿ ಪೊಲೀಸ್ ಠಾಣೆಯಲ್ಲಿ ಇಟ್ಟು ಬರುವುದು ಅವರಿಗೆ ಅಭ್ಯಾಸವಾಗಿದೆ. ಹಾಗಾಗಿ ನನ್ನ ರೈಫಲನ್ನು ಅವರು ಕೋವಿಯ ಲೆಕ್ಕಕ್ಕೇ ಹಿಡಿಯುವುದಿಲ್ಲ.

"ಇದರಲ್ಲಿ ಮಂಗ ಓಡ್ತದಾ?" ಅಂತ ಮೊದಲ ದಿನ ಕೇಳಿದರು.

ಮಂಗಕ್ಕೆ ಹೊಡೆಯುವ ಹಾಗಿಲ್ಲ ಮಾವ, ಕೇಸ್ ಆಗ್ತದೆ ಅಂದೆ.

"ಹಾಗಾದ್ರೆ ಗರ್ನಾಲು ಪಟಾಕಿಯೇ ಒಳ್ಳೇದು" ಅಂತ ಒಳಗೆ ಹೋದರು.

ನಾನು ಮಾಡುವುದು ಬೆಂಚ್‌ರೆಸ್ಟ್. ಏರ್ ರೈಫಲ್ ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು 2008ರ ಬೀಜಿಂಗ್ ಒಲಿಂಪಿಕ್ಸಿನ ಅಭಿನವ್ ಬಿಂದ್ರಾ. ಅದು ನಿಂತು, ಕೈಯಲ್ಲಿ ಹಿಡಿದು ಹೊಡೆಯುವ ಆಟ. ಇದರಲ್ಲಿ ಹಾಗಲ್ಲ. ರೈಫಲಿನ ಮುಂಭಾಗ ಒಂದು ಚೀಲದ ಮೇಲೆ, ಹಿಂಭಾಗ ಇನ್ನೊಂದು ಚೀಲದ ಮೇಲೆ. ಮನುಷ್ಯ ಪಕ್ಕದಲ್ಲಿ ಕೂತು ಗಾಳಿ ನೋಡಿ ಟ್ರಿಗರ್ ಒತ್ತುತ್ತಾನೆ. ಒಂದು ಕಾರ್ಡಿನಲ್ಲಿ 25 ಗುರಿ, ಒಂದೊಂದಕ್ಕೂ ಒಂದೇ ಹೊಡೆತ, ಪೂರ್ತಿ ಬಂದರೆ 250. ಕೈ ನಡುಗಿತು ಅಂತ ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಹಾಗಾಗಿ ಉಳಿದ ಎಲ್ಲದರ ಮೇಲೂ ಅನುಮಾನ ಶುರುವಾಗುತ್ತದೆ. ಪೆಲೆಟ್ ಸರಿ ಇಲ್ವಾ? ಬ್ಯಾರೆಲ್? ಗಾಳಿ? ಸ್ಕೋಪ್? ಈ ಕಾಯಿಲೆ ನನಗೂ ಹಿಡಿಯಿತು. ಡಿಸೆಂಬರಿನಿಂದ ಮೇ ಕೊನೆಯವರೆಗೆ, ಭಾನುವಾರದ ಬೆಳಗ್ಗೆಗಳೆಲ್ಲ ಅದಕ್ಕೇ ಹೋದವು.

ಮೊದಲು ಚೀಲದ ಕಥೆ ಹೇಳಿಬಿಡುತ್ತೇನೆ. ಹಳೆಯ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ ಅತ್ತೆಯೇ ಹೊಲಿದುಕೊಟ್ಟರು. ಒಳಗೆ ಏನು ತುಂಬುವುದು? ಮಲ್ಪೆಯ ಮರಳು ಸುಲಭವಾಗಿ ಸಿಗುತ್ತಿತ್ತು, ಆದರೆ ಅದರಲ್ಲಿ ಉಪ್ಪು. ರೈಫಲಿಗೆ ತಾಗಿಸುವುದು ಬೇಡ ಅನ್ನಿಸಿತು. ಬುದ್ಧಿ ಉಪಯೋಗಿಸಿ ಮೂರು ಕೆಜಿ ಕುಚ್ಚಲಕ್ಕಿ ತುಂಬಿದೆ. ಚೆನ್ನಾಗಿಯೇ ಕೂತಿತ್ತು. ಒಂದು ತಿಂಗಳಿಗೆ ಹುಳ ಹಿಡಿಯಿತು. ಸ್ಕೋಪಿನಲ್ಲಿ ಕಣ್ಣಿಟ್ಟು ಉಸಿರು ಹಿಡಿದಾಗ ಮೊಣಕೈ ಮೇಲೆ ಏನೋ ಹರಿದ ಹಾಗಾಗಿ ನೋಡಿದರೆ ಅದು! ಅಕ್ಕಿ ಹಾಳು ಮಾಡಿದ್ದಕ್ಕೆ ಅತ್ತೆ ಒಂದು ವಾರ ಬೈದರು. ಆಮೇಲೆ ಹೊಳೆಯ ಮರಳನ್ನು ತೊಳೆದು, ಅಂಗಳದಲ್ಲಿ ಒಣಗಿಸಿ, ಜರಡಿ ಹಿಡಿದು ತುಂಬಿದೆ. ಈಗಲೂ ಅದೇ ಇದೆ. ಒಗೆಯುವ ಕಲ್ಲು ಸ್ವಲ್ಪ ಇಳಿಜಾರು ತಾನೇ, ಅದಕ್ಕೆ ಕೆಳಗಿನ ಬದಿಗೆ ಎರಡು ಒಡೆದ ಟೈಲ್ಸ್ ಇಟ್ಟು ಮೇಲೊಂದು ಹಲಗೆ ಹಾಕಿದೆ. ಕಲ್ಲು ಮಾತ್ರ ಅಲ್ಲಾಡುವುದಿಲ್ಲ. ಅಂಗಡಿಯಲ್ಲಿ ದುಡ್ಡು ಕೊಟ್ಟರೂ ಅಂಥ ಬೆಂಚ್ ಸಿಗಲಿಕ್ಕಿಲ್ಲ.

ಗುರಿ ಹಚ್ಚಲು ಹಳೆಯ ಟಿನ್ ಪೆಟ್ಟಿಗೆ. ಒಳಗೆ ಒತ್ತಿ ಒತ್ತಿ ಹಳೆಬಟ್ಟೆ ತುಂಬಿ, ಹಿಂದೆ 4 ಮಿಮೀ ಕಬ್ಬಿಣದ ತಗಡು. ಕಾಗದದ್ದೇ ದೊಡ್ಡ ರಗಳೆ. ಬೆಳಗಿನ ಇಬ್ಬನಿಗೆ ಸಾಮಾನ್ಯ ಕಾಗದ ಮೆತ್ತಗಾಗಿ, ಪೆಲೆಟ್ ಹೋದಲ್ಲಿ ತೂತಿನ ಬದಲು ಹರಿದ ಗಾಯ ಆಗುತ್ತದೆ. ಅದನ್ನು ಅಳೆಯುವುದು ಹೇಗೆ? ಮಾವನ ಮಗಳು ದಾರಿ ತೋರಿಸಿದಳು. ಸೆಕೆಂಡ್ ಪಿಯುಸಿ ಸೈನ್ಸ್ ಓದುತ್ತಿದ್ದಾಳೆ, ನನಗಿಂತ ಬುದ್ಧಿ ಜಾಸ್ತಿ. ಅಟ್ಟದಲ್ಲಿ ಹತ್ತು ವರ್ಷದ ಮದುವೆ ಆಮಂತ್ರಣಗಳು ಕಟ್ಟಿಟ್ಟಿದ್ದವು. ದಪ್ಪ ಕಾರ್ಡ್, ಹಿಂಬದಿ ಖಾಲಿ. ಕೈವಾರದಲ್ಲಿ ವೃತ್ತ ಎಳೆದುಕೊಟ್ಟಳು. ತೂತು ಪಂಚ್ ಹೊಡೆದ ಹಾಗೆ ಚೊಕ್ಕ. ಯಾರ್ಯಾರದೋ ಮದುವೆಯ ಹಿಂದೆ ನನ್ನ ಸೋಲುಗಳೆಲ್ಲ ದಾಖಲಾಗಿವೆ.

ಗಾಳಿಯ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ನನ್ನ ಪೆಲೆಟ್ ಸೆಕೆಂಡಿಗೆ 240 ಮೀಟರ್ ವೇಗದಲ್ಲಿ ಹೊರಡುತ್ತದೆ. 25 ಮೀಟರ್ ತಲುಪಲು ಸುಮಾರು 0.11 ಸೆಕೆಂಡ್. ಅಷ್ಟರಲ್ಲಿ ಆರು ಸೆಂಟಿಮೀಟರಿನಷ್ಟು ಕೆಳಗೆ ಇಳಿದಿರುತ್ತದೆ. ಅದು ಪ್ರತಿ ಸಲವೂ ಒಂದೇ ಥರ, ಸ್ಕೋಪಿನಲ್ಲಿ ಸರಿ ಮಾಡಿಕೊಳ್ಳಬಹುದು. ಅಡ್ಡ ಗಾಳಿ ಹಾಗಲ್ಲ. ಸೆಕೆಂಡಿಗೆ ಒಂದು ಮೀಟರಿನ ಗಾಳಿ ಅಂದರೆ ಕೆನ್ನೆಗೆ ತಾಗಿತೋ ಇಲ್ಲವೋ ಅನ್ನುವಷ್ಟು. ಅದು ಪೆಲೆಟನ್ನು ಆರು ಮಿಲಿಮೀಟರ್ ಪಕ್ಕಕ್ಕೆ ತಳ್ಳುತ್ತದೆ. ನಾನು ಹುಡುಕುತ್ತಿದ್ದ ವ್ಯತ್ಯಾಸಗಳೇ ಅದಕ್ಕಿಂತ ಚಿಕ್ಕವು. ನಮ್ಮ ಕರಾವಳಿಯಲ್ಲಿ ಬಿಸಿಲೇರಿದ ಮೇಲೆ ಕಡಲಿನ ಕಡೆಯಿಂದ ಗಾಳಿ ಎದ್ದೇ ಏಳುತ್ತದೆ. ಬೆಳಿಗ್ಗೆ ಆರರಿಂದ ಎಂಟರ ತನಕ ತೋಟದೊಳಗೆ ಅಡಿಕೆ ಸೋಗೆ ಕೂಡ ಅಲ್ಲಾಡುವುದಿಲ್ಲ. ಆದ್ದರಿಂದ ಅತ್ತೆಯ ಗಡುವು ನನಗೆ ತೊಂದರೆ ಆಗಲಿಲ್ಲ, ಉಪಕಾರವೇ ಆಯಿತು. ದಾರಿಯ ಮಧ್ಯೆ ಮೂರು ಕೋಲು ನೆಟ್ಟು ಬಾಳೆನಾರು ಕಟ್ಟಿದ್ದೆ. ನಾರು ನೇರ ಕೆಳಗೆ ಇಳಿದು ನಿಂತರೆ ಮಾತ್ರ ಹೊಡೆಯುವುದು.

ಪೆಲೆಟಿನಿಂದ ಶುರು ಮಾಡಿದೆ. ನಾಲ್ಕು ಥರ ತಂದೆ. ಗುಂಡು ತಲೆಯ 0.547 ಗ್ರಾಮಿನದ್ದು, ಅದೇ ಆಕಾರದ 0.67 ಗ್ರಾಮಿನ ಭಾರದ್ದು, 10 ಮೀಟರ್ ಮ್ಯಾಚಿಗೆ ಬಳಸುವ ಚಪ್ಪಟೆ ತಲೆಯದ್ದು, ಮತ್ತೊಂದು ಅಗ್ಗದ ಡಬ್ಬಿ. ಜೆಎಸ್‌ಬಿ, ಎಚ್ ಆ್ಯಂಡ್ ಎನ್, ಆರ್‌ಡಬ್ಲ್ಯೂಎಸ್ ಅಂತ ಈ ಆಟದವರ ಬಾಯಲ್ಲಿ ಓಡಾಡುವ ಹೆಸರುಗಳು ನಿಮಗೂ ಗೊತ್ತಿರಬಹುದು. ಯಾವ ಡಬ್ಬಿ ಯಾರದ್ದು ಅಂತ ಹೇಳುವುದಿಲ್ಲ. ನನ್ನ ಬ್ಯಾರೆಲಿಗೆ ಹಿಡಿಸದ್ದು ನಿಮ್ಮದಕ್ಕೆ ಹಿಡಿಸೀತು. ಒಂದೇ ಕಂಪನಿಯ ಒಂದೇ ಮಾದರಿಯ ಎರಡು ರೈಫಲ್ ಕೂಡ ಇದರಲ್ಲಿ ಒಪ್ಪುವುದಿಲ್ಲ.

ಮೊದಲ ಭಾನುವಾರ ಬ್ಯಾರೆಲ್ ಚೊಕ್ಕ ಒರೆಸಿ, ನಾಲ್ಕೂ ಡಬ್ಬಿಯಿಂದ ಐದೈದು ಹೊಡೆದು, ಸಾಲಾಗಿ ಅಳೆದು ಬರೆದಿಟ್ಟೆ. ಪೂರ್ತಿ ದಂಡ. ಒರೆಸಿದ ಬ್ಯಾರೆಲ್ ಮೊದಲ ಇಪ್ಪತ್ತು ಮೂವತ್ತು ಹೊಡೆತ ತನ್ನಷ್ಟಕ್ಕೆ ಅಲೆಯುತ್ತಿರುತ್ತದೆ. ಒಳಗೆ ಸೀಸದ ತೆಳು ಪದರ ಕೂರಬೇಕು. ಪೆಲೆಟ್ ಬದಲಿಸಿದಾಗಲೂ ಇದೇ ಕಥೆ, ಹಿಂದಿನ ಪೆಲೆಟಿನ ಸೀಸ ಮತ್ತು ಎಣ್ಣೆಯ ಮೇಲೆ ಹೊಸದು ಹೊಂದಿಕೊಳ್ಳಬೇಕು. ಮೊದಲು ಹೊಡೆದ ಡಬ್ಬಿಗೆ ಅನ್ಯಾಯ ಆಗಿತ್ತು, ಅಷ್ಟೇ. ಮುಂದಿನ ವಾರ ಒಂದು ಬೆಳಿಗ್ಗೆಗೆ ಒಂದೇ ಡಬ್ಬಿ ಅಂತ ಮಾಡಿಕೊಂಡೆ. ಮೂವತ್ತು ಹೊಡೆತ ಸುಮ್ನೆ ಬಟ್ಟೆ ಪೆಟ್ಟಿಗೆಗೆ, ಆಮೇಲೆ ಐದೈದರ ಐದು ಗ್ರೂಪ್. ಒಂದೇ ಗುರಿಗೆ ಹೊಡೆದ ಐದು ತೂತಿನ ಗುಂಪಿಗೆ ಗ್ರೂಪ್ ಅನ್ನುತ್ತಾರೆ, ಚಿಕ್ಕದಿದ್ದಷ್ಟು ಒಳ್ಳೆಯದು.

ನಡುವೆ ಪಂಪ್ ಹೊಡೆಯುವ ಕೆಲಸ. 120 ಬಾರಿಗೆ ಇಳಿದದ್ದನ್ನು 200ಕ್ಕೆ ಏರಿಸಲು ಎಪ್ಪತ್ತೆಂಬತ್ತು ಸಲ ಎದ್ದು ಕೂತ ಹಾಗೆ ಕೈಪಂಪ್ ಒತ್ತಬೇಕು. ನಮ್ಮ ಸೆಕೆಗೆ ಬನಿಯನ್ ಹಿಂಡಿದರೆ ಚೊಂಬು ತುಂಬುತ್ತದೆ. ಅಷ್ಟೇ ಆಗಿದ್ದರೆ ಪರವಾಗಿಲ್ಲ, ಪಂಪಿನೊಳಗೂ ನೀರು ಸೇರುತ್ತದೆ. ಇಲ್ಲಿಯ ಗಾಳಿಯೇ ಅಷ್ಟು ಒದ್ದೆ. ಹತ್ತಿಪ್ಪತ್ತು ಒತ್ತಿಗೊಮ್ಮೆ ನಿಲ್ಲಿಸಿ ತಣಿಸಿ, ಕೆಳಗಿನ ತಿರುಪು ಬಿಟ್ಟರೆ ಪುಸ್ ಅಂತ ಬೆಳ್ಳಗಿನ ಹಬೆ ಬರುತ್ತದೆ. ಅದನ್ನು ಬಿಡದೆ ಇದ್ದರೆ ಆ ನೀರೆಲ್ಲ ಸಿಲಿಂಡರಿಗೇ. ಮಾವ ಒಂದು ದಿನ ನೋಡಿ, "ಬಾವಿಗೆ ಮೋಟರ್ ಹಾಕಿದ ಮೇಲೆ ಇಷ್ಟು ಕಷ್ಟಪಟ್ಟವರನ್ನು ನಾನು ನೋಡಿಲ್ಲ ಮಾರಾಯ" ಅಂದರು.

ಫಲಿತಾಂಶ ಹೇಳಲು ಕ್ಯಾಲಿಪರ್ ಕೂಡ ಬೇಕಿರಲಿಲ್ಲ. ಅಗ್ಗದ ಡಬ್ಬಿ ಸರಾಸರಿ 31 ಮಿಮೀ. ಚಪ್ಪಟೆ ತಲೆಯದ್ದು 17. ಅದು 10 ಮೀಟರಿನಲ್ಲಿ ರಾಜ, 25ಕ್ಕೆ ಬರುವಷ್ಟರಲ್ಲಿ ಗಾಳಿಗೆ ಎದೆ ಕೊಟ್ಟು ಸುಸ್ತಾಗಿರುತ್ತದೆ. ಭಾರದ್ದು 9. ಗುಂಡು ತಲೆಯ ಹಗುರದ್ದು ಎಂಟರ ಆಸುಪಾಸು. ಈ ಅಳತೆಯೆಲ್ಲ ಐದರಲ್ಲಿ ಅತಿ ದೂರದ ಎರಡು ತೂತುಗಳ ನಡುವಿನಿಂದ ನಡುವಿಗೆ. ಹಗುರದ್ದನ್ನೇ ಇಟ್ಟುಕೊಂಡೆ.

ಅಲ್ಲಿಗೆ ಬಿಟ್ಟಿದ್ದರೆ ಸುಖವಾಗಿರುತ್ತಿದ್ದೆ. ಬಿಡಲಿಲ್ಲ. ಚಿನ್ನ ತೂಗುವಂಥ ಪುಟ್ಟ ತಕ್ಕಡಿ ತಂದೆ, ಒಂದು ಮಿಲಿಗ್ರಾಂ ತೋರಿಸುವಂಥದ್ದು. ಫ್ಯಾನ್ ಹಾಕಿದರೆ ಅಂಕಿ ಕುಣಿಯುತ್ತದೆ. ಏಪ್ರಿಲ್ ರಾತ್ರಿ, ಫ್ಯಾನ್ ಇಲ್ಲದೆ, ಕಿಟಕಿ ಮುಚ್ಚಿ, ಐನೂರು ಪೆಲೆಟ್ ಒಂದೊಂದಾಗಿ ಚಿಮ್ಮಟದಲ್ಲಿ ಹಿಡಿದು ತೂಗಿದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, ಏನೂ ಹೇಳದೆ ಹೋಗಿ ಮಲಗಿದಳು. ಹೆಚ್ಚಿನವು 0.543ರಿಂದ 0.551ರ ಒಳಗೆ. ಲೆಕ್ಕ ಹಾಕಿದರೆ ಆ ಎಂಟು ಮಿಲಿಗ್ರಾಂ ವ್ಯತ್ಯಾಸಕ್ಕೆ 25 ಮೀಟರಿನಲ್ಲಿ ಮೇಲೆ ಕೆಳಗೆ ಆಗುವುದು ಒಂದು ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ. ಹೊಡೆದು ನೋಡಿದಾಗಲೂ ವಿಂಗಡಿಸಿದ್ದಕ್ಕೂ ವಿಂಗಡಿಸದ್ದಕ್ಕೂ ಹೇಳಿಕೊಳ್ಳುವಂಥ ಭೇದ ಕಾಣಲಿಲ್ಲ. ಆದರೆ ಆ ಐನೂರರಲ್ಲಿ ಏಳು ಪೆಲೆಟ್ ಸೊಂಟದ ಕೆಳಗೆ ಜಜ್ಜಿ ಹೋಗಿದ್ದವು. ಪೆಲೆಟಿನ ಹಿಂಭಾಗ ಲಂಗದ ಹಾಗೆ ಅಗಲ ಇರುತ್ತದಲ್ಲ, ಅದು ಬಾಗಿದರೆ ಗಾಳಿ ಒಂದು ಪಕ್ಕದಿಂದ ಸೋರುತ್ತದೆ. ತೂಕದಲ್ಲಿ ಅವು ಪಾಸ್. ಕಣ್ಣಿಗೆ ಫೇಲ್. ಈಗ ತೂಗುವುದಿಲ್ಲ, ಬಿಳಿ ತಟ್ಟೆಗೆ ಸುರಿದು ಉರುಳಿಸಿ ಲಂಗ ನೋಡುತ್ತೇನೆ. ಆಮೇಲೆ ಸಾಬೂನಿನಲ್ಲಿ ಕೈ ತೊಳೆಯುತ್ತೇನೆ. ಸೀಸ ಅಲ್ವಾ, ಅದೇ ಕೈಯಲ್ಲಿ ನೀರುದೋಸೆಗೆ ಕೂತರೆ ಅತ್ತೆ ಎಬ್ಬಿಸಿಬಿಡುತ್ತಾರೆ.

ಇನ್ನು ಟ್ಯೂನರ್.

ಬ್ಯಾರೆಲಿನ ತುದಿಗೆ ಹಾಕುವ ಭಾರ ಅದು, ತಿರುಗಿಸಿದರೆ ಹಿಂದೆ ಮುಂದೆ ಜರುಗುತ್ತದೆ. ಹೊಡೆದಾಗ ಬ್ಯಾರೆಲ್ ಕಂಪಿಸುತ್ತದೆ, ಘಂಟೆಯ ನಾಲಗೆ ತಾಗಿದ ಹಾಗೆ. ಪೆಲೆಟ್ ಒಳಗಿರುವುದು ಕೆಲವೇ ಮಿಲಿಸೆಕೆಂಡ್, ಅಷ್ಟರೊಳಗೆ ತುದಿ ಸ್ವಲ್ಪ ಮೇಲೆ ಕೆಳಗೆ ಆಗಿರುತ್ತದೆ. ಉಯ್ಯಾಲೆ ಒಂದು ಕೊನೆಗೆ ಹೋಗಿ ತಿರುಗುವಾಗ ಒಂದು ಕ್ಷಣ ನಿಲ್ಲುತ್ತದಲ್ಲ, ಆ ಕ್ಷಣದಲ್ಲಿ ಪೆಲೆಟ್ ಹೊರಗೆ ಬಂದರೆ ಒಳ್ಳೆಯದು ಅನ್ನುವುದು ಒಂದು ವಾದ. ಇನ್ನೊಂದು ವಾದ ಇನ್ನೂ ಚೆಂದ. ತುದಿ ಮೇಲೆ ಏಳುತ್ತಿರುವಾಗಲೇ ಪೆಲೆಟ್ ಹೊರಬರಲಿ. ಆಗ ನಿಧಾನದ ಪೆಲೆಟ್ ತಡವಾಗಿ ಬರುವುದರಿಂದ ಸ್ವಲ್ಪ ಮೇಲ್ಮುಖವಾಗಿ ಹೊರಡುತ್ತದೆ, ಜಾಸ್ತಿ ಇಳಿಯುವುದಕ್ಕೆ ಅದೇ ಸರಿದೂಗುತ್ತದೆ. ಭಾರವನ್ನು ಜರುಗಿಸಿ ಆ ಹೊತ್ತನ್ನು ಹೊಂದಿಸುವುದೇ ಟ್ಯೂನಿಂಗ್. 1990ರ ದಶಕದಲ್ಲೇ ಬ್ರೌನಿಂಗ್ ಕಂಪನಿ ಬೇಟೆ ರೈಫಲ್‌ಗಳಿಗೆ ಬಾಸ್ ಅನ್ನುವ ಇಂಥದ್ದನ್ನು ಹಾಕಿ ಮಾರಿತ್ತು. ಮದ್ದಿನ ಸಣ್ಣ ಗುಂಡು ಹೊಡೆಯುವ ಪಾಯಿಂಟ್ ಟೂಟೂ (.22) ರೈಫಲಿನ 50 ಮೀಟರ್ ಬೆಂಚ್‌ರೆಸ್ಟಿನಲ್ಲಿ ಟ್ಯೂನರ್ ಇಲ್ಲದ ರೈಫಲ್ ನೋಡಸಿಗುವುದೇ ಕಡಿಮೆ. ಇನ್ನೊಂದು ಕಡೆ, ಗುಂಡಿನ ಗತಿಯನ್ನೇ ಅಭ್ಯಾಸ ಮಾಡುವ ಅಮೆರಿಕದ ಬ್ರಯಾನ್ ಲಿಟ್ಜ್ ಅಂಥವರು ಲೆಕ್ಕ ಹಾಕಿ ಹೊಡೆದು ನೋಡಿ, ಟ್ಯೂನರಿನಿಂದ ನಂಬುವಂಥ ವ್ಯತ್ಯಾಸ ಕಾಣಲಿಲ್ಲ ಅಂದಿದ್ದಾರೆ. ಹೀಗೆ ಎರಡು ಪಕ್ಷ ಇದ್ದಾಗ ನಾವೇ ಮಾಡಿ ನೋಡದೆ ಇರಲಿಕ್ಕಾಗುತ್ತದಾ?

ಶಿವಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಒಬ್ಬರ ಲೇತ್ ಉಂಟು. ಹಾಳೆಯ ಮೇಲೆ ಚಿತ್ರ ಬರೆದುಕೊಂಡು ಹೋದೆ. ಬ್ಯಾರೆಲಿನ ಸುತ್ತ ಅಂಗಿಯ ತೋಳಿನ ಹಾಗೆ ಕೂರುವ ಅಲ್ಯುಮಿನಿಯಂ ಕೊಳವೆ, ಅದರ ಮೇಲೆ ಒಂದು ಸುತ್ತಿಗೆ 1 ಮಿಮೀ ಜರುಗುವ ತಿರುಪಿನ ಎಳೆ, ಎಳೆಯ ಮೇಲೆ ತಿರುಗುವ ಹಿತ್ತಾಳೆ ಬಳೆ. ಬಳೆಯ ಸುತ್ತ 20 ಗೀಟು. ಒಂದು ಗೀಟಿಗೆ 0.05 ಮಿಮೀ ಜರುಗಬೇಕು.

ಅವರು ಚಿತ್ರ ತಿರುಗಿಸಿ ತಿರುಗಿಸಿ ನೋಡಿದರು. "ಸರ್, ಇದು ಎಂತದ್ದಕ್ಕೆ?"

"ಏರ್ ರೈಫಲಿನ ಬ್ಯಾರೆಲಿಗೆ ಭಾರ."

"ನಾಳೆ ನಮ್ಮ ಬಾಗಿಲಿಗೆ ಪೊಲೀಸ್ ಎಲ್ಲ ಬರ್ಲಿಕ್ಕಿಲ್ಲ ಅಲ್ವಾ?"

ರೈಫಲಿನ ಬಿಲ್ ತೋರಿಸಿದೆ. ಒಗೆಯುವ ಕಲ್ಲಿನ ಮೇಲೆ ಅದು ಕೂತ ಫೋಟೋ ತೋರಿಸಿದೆ. ಫೋಟೋ ನೋಡಿದ ಮೇಲೆ ನಕ್ಕರು, ಧೈರ್ಯ ಬಂತು ಅನ್ನಿಸುತ್ತದೆ. ಮೂರು ದಿನಕ್ಕೆ ಮಾಡಿಕೊಟ್ಟರು. ಒಟ್ಟು 140 ಗ್ರಾಂ. ಹೊಳೆಯುವ ಹಿತ್ತಾಳೆ, ದೇವರ ಕೋಣೆಯಲ್ಲಿ ಇಡುವಷ್ಟು ಚಂದ.

ಭಾನುವಾರ ಹಾಕಿ ಹೊಡೆದೆ. ಮೊದಲ ಗುಂಡು ಕಾರ್ಡಿನ ಮೂಲೆಗೆ. ಎರಡನೆಯದು ಕಾರ್ಡಿಗೇ ಇಲ್ಲ. ಐದಾಗುವಷ್ಟರಲ್ಲಿ ಗ್ರೂಪ್ 60 ಮಿಮೀ. ಎಂಟು ಮಿಲಿಮೀಟರಿನ ರೈಫಲ್ ಅರವತ್ತಕ್ಕೆ ಬಂತು, ಅದೂ ದುಡ್ಡು ಕೊಟ್ಟು! ಸ್ಕೋಪ್ ಸಡಿಲ ಆಯ್ತಾ ಅಂತ ನೋಡಿದೆ, ಗಟ್ಟಿ ಇತ್ತು. ಕಾರ್ಡ್ ಹತ್ತಿರ ಹೋಗಿ ನೋಡಿದಾಗ ತೂತುಗಳು ದುಂಡಗಿರಲಿಲ್ಲ. ಒಂದು ಮೊಟ್ಟೆಯ ಆಕಾರ, ಇನ್ನೊಂದು ಪೂರ್ತಿ ಅಡ್ಡ ಮಲಗಿದ ಪೆಲೆಟಿನ ನೆರಳಿನ ಹಾಗೆ, ತಲೆ ಸೊಂಟ ಲಂಗ ಎಲ್ಲ ಕಾಣುತ್ತಿತ್ತು. ಪೆಲೆಟ್ ತಿರುಗಿ ಬಿದ್ದು ಪಲ್ಟಿ ಹೊಡೆಯುತ್ತಾ ಬರುತ್ತಿದೆ ಅಂತ ಅರ್ಥ. ರೈಫಲ್ ಖಾಲಿ ಮಾಡಿ, ಟ್ಯೂನರ್ ಬಿಚ್ಚಿ, ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಅದರ ಬಾಯೊಳಗೆ ಸುತ್ತಿಸಿದೆ. ಒಂದು ಕಡೆ ಮಾತ್ರ ಹತ್ತಿ ಕಪ್ಪಾಯಿತು. ಬಿಸಿಲಿಗೆ ಹಿಡಿದು ನೋಡಿದರೆ ಮುಂದಿನ ತುಟಿಯ ಒಳಗೆ, ಗಡಿಯಾರದ ನಾಲ್ಕು ಗಂಟೆಯ ಜಾಗದಲ್ಲಿ, ಅಕ್ಕಿಕಾಳಿನಷ್ಟು ಉದ್ದದ ಬೂದು ಬಣ್ಣದ ಉಜ್ಜಿದ ಗುರುತು. ಸೀಸ. ಪೆಲೆಟ್ ಹೊರಗೆ ಹೋಗುವಾಗ ಹಿತ್ತಾಳೆಗೆ ಭುಜ ತಾಗಿಸಿಕೊಂಡು ಹೋಗುತ್ತಿತ್ತು.

ತಪ್ಪು ನನ್ನದೇ. ಬ್ಯಾರೆಲ್ 15 ಮಿಮೀ ಅಂತ ಬರೆದಿದ್ದೆ, ಅಳೆದರೆ 14.8. ಆ 0.2ರ ಸಡಿಲವನ್ನು ಮೂರು ಗ್ರಬ್ ಸ್ಕ್ರೂ ಹಾಕಿ ಬಿಗಿ ಮಾಡಿದ್ದೆ, ಒಂದು ಜಾಸ್ತಿ ಒಂದು ಕಡಿಮೆ. ತೋಳು ಓರೆ ಕೂತಿತ್ತು. ಸಾಲದ್ದಕ್ಕೆ 4.5ರ ಪೆಲೆಟ್ ಹೋಗಲು 5.5ರ ತೂತು ಸಾಕು ಅಂತ ಬುದ್ಧಿವಂತಿಕೆ. ವಾಪಸ್ ಹೋಗಿ ತೂತನ್ನು 8ಕ್ಕೆ ದೊಡ್ಡದು ಮಾಡಿಸಿದೆ. ತೋಳನ್ನು ಹೊಸದಾಗಿ, 14.8ಕ್ಕೇ ಸರಿಯಾಗಿ ಮಾಡಿಸಿ, ಉದ್ದಕ್ಕೆ ಸೀಳಿ, ಒಂದೇ ಬೋಲ್ಟಿನಲ್ಲಿ ಸುತ್ತಲೂ ಹಿಡಿಯುವ ಹಾಗೆ ಮಾಡಿದರು. ಈಗ ನೇರ ಕೂತಿತು.

ಆಮೇಲೆ ಎಲ್ಲರೂ ಮಾಡುವುದನ್ನೇ ಮಾಡಿದೆ. ಸೊನ್ನೆಯಿಂದ ಇಪ್ಪತ್ತರವರೆಗೆ ಎರಡೆರಡು ಗೀಟು ತಿರುಗಿಸುತ್ತಾ, ಒಂದೊಂದಕ್ಕೆ ಐದು ಹೊಡೆತ. ಹನ್ನೊಂದು ಗ್ರೂಪ್. ಕಾರ್ಡುಗಳನ್ನು ಸಾಲಾಗಿ ಜಗಲಿಯ ಮೇಲೆ ಇಟ್ಟೆ. 4ನೇ ಗೀಟಿನಲ್ಲಿ 11.6 ಮಿಮೀ, ಚೆಲ್ಲಾಪಿಲ್ಲಿ. ಅಲ್ಲಿಂದ ಸ್ವಲ್ಪ ಸ್ವಲ್ಪ ಸಣ್ಣದಾಗುತ್ತಾ ಬಂದು 14ರಲ್ಲಿ 4.2! ಐದು ಗುಂಡು ಒಂದೇ ತೂತಿನೊಳಗೆ ಹೋದ ಹಾಗೆ. 16ರಿಂದ ಮತ್ತೆ ದೊಡ್ಡದು. ಓದಿದ್ದ ಉಯ್ಯಾಲೆ ಕಣ್ಣೆದುರೇ ಆಡುತ್ತಿದೆ ಅನ್ನಿಸಿತು. ಮಾವನನ್ನು ಕರೆದು ತೋರಿಸಿದೆ.

ಅವರು ಕನ್ನಡಕ ಏರಿಸಿ ನೋಡಿದರು. "ಒಂದೇ ತೂತು ಮಾಡ್ಲಿಕ್ಕೆ ಇಷ್ಟು ಸರ್ಕಸ್ಸಾ? ಒಂದು ಮೊಳೆ ತಗೊಂಡು ಹೊಡಿ ಮಾರಾಯ."

14ಕ್ಕೆ ಕೆಂಪು ಬಣ್ಣದ ಚುಕ್ಕಿ ಇಟ್ಟೆ. ಉಗುರಿಗೆ ಹಚ್ಚುವ ಬಣ್ಣ, ಮಾವನ ಮಗಳದ್ದು.

ಮುಂದಿನ ಭಾನುವಾರ ಅದೇ 14ರಲ್ಲಿ, ಅದೇ ಡಬ್ಬಿ, ಅದೇ ಹೊತ್ತು. 9.3 ಮಿಮೀ. ಮತ್ತೆ ಹೊಡೆದೆ, 7.8. ಸುಮ್ನೆ ಇರಲಿ ಅಂತ 4ಕ್ಕೆ ತಿರುಗಿಸಿ ಹೊಡೆದೆ. 6.

ಕಲ್ಲಿನ ಪಕ್ಕ ಕೂತು ನೋಟ್ಸ್ ಓದುತ್ತಿದ್ದ ಹುಡುಗಿ ತಲೆ ಎತ್ತಿದಳು. "ಬಾವ, ಒಂದು ಸಲ ಹೊಡೆದದ್ದನ್ನು ನಂಬಿದ್ರಾ ನೀವು? ನಮ್ಮ ಲ್ಯಾಬಿನಲ್ಲಿ ಪೆಂಡ್ಯುಲಮ್‌ಗೂ ಇಪ್ಪತ್ತು ಆಂದೋಲನ ಎಣಿಸ್ಬೇಕು."

ಆ ರಾತ್ರಿ ಕೂತು ಲೆಕ್ಕ ನೋಡಿದೆ. ರೈಫಲಿನಲ್ಲಿ ಏನೂ ಬದಲಿಸದೆ ಐದೈದು ಹೊಡೆಯುತ್ತಾ ಹೋದರೂ ಗ್ರೂಪಿನ ಅಳತೆ ಸರಾಸರಿಯ ಕಾಲುಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ ಅತ್ತಿತ್ತ ಓಲಾಡುತ್ತದೆ. ಅಂದರೆ ಸರಾಸರಿ 8 ಮಿಮೀ ಕೊಡುವ ರೈಫಲ್ ಒಮ್ಮೆ 5 ಕೊಟ್ಟೀತು, ಒಮ್ಮೆ 12 ಕೊಟ್ಟೀತು. ಹನ್ನೊಂದು ಗ್ರೂಪ್ ಹೊಡೆದರೆ ಅದರಲ್ಲಿ ಒಂದಾದರೂ ಸುಂದರವಾಗಿ ಬರದೆ ಇದ್ದರೆ ಆಶ್ಚರ್ಯ. ನಾನು ಬಣ್ಣ ಹಚ್ಚಿದ್ದು ಅದಕ್ಕೆ. ಮೂರು ಹೊಡೆತದ ಗ್ರೂಪ್ ಇನ್ನೂ ಮೋಸ, ಅದು ಸಹಜವಾಗಿಯೇ ಐದರದ್ದಕ್ಕಿಂತ ಐದನೇ ಒಂದು ಪಾಲು ಚಿಕ್ಕದು ಬರುತ್ತದೆ. ಮೂರು ತೂತಿನ ಫೋಟೋ ಹಾಕಿ ನನ್ನ ರೈಫಲ್ ನೋಡಿ ಅನ್ನುವವರನ್ನು ಕಂಡರೆ ಈಗ ನನಗೆ ನಗು. ಎರಡು ವಾರದ ಹಿಂದೆ ನಾನೂ ಅವರಲ್ಲೊಬ್ಬ.

ಸರಿಯಾಗಿ ಮಾಡೋಣ ಅಂತ ಹುಡುಗಿಯೇ ಯೋಜನೆ ಹಾಕಿದಳು. 2, 6, 10, 14, 18 ಅಂತ ಐದು ಜಾಗ. ಒಂದೊಂದಕ್ಕೆ ಐದು ಚೀಟಿ, ಒಟ್ಟು ಇಪ್ಪತ್ತೈದು. ಎಲ್ಲ ಮಡಚಿ ಅತ್ತೆಯ ಸಾಸಿವೆ ಡಬ್ಬಿಗೆ. ಪ್ರತಿ ಗ್ರೂಪಿಗೆ ಮುಂಚೆ ನಾನು ರೈಫಲ್ ಖಾಲಿ ಮಾಡಿ, ಪೆಲೆಟ್ ತುಂಬುವ ಕಡೆಯ ಬೋಲ್ಟ್ ತೆರೆದಿಟ್ಟು, ಎದ್ದು ಬಾವಿಕಟ್ಟೆಯ ಹತ್ತಿರ ಹೋಗಿ ಬೆನ್ನು ಹಾಕಿ ನಿಲ್ಲಬೇಕು. ಅವಳು ಚೀಟಿ ಎತ್ತಿ, ಬಳೆ ತಿರುಗಿಸಿ, ಮೇಲೆ ಕರಿಬಟ್ಟೆಯ ತುಂಡು ಸುತ್ತಿ, ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ಕಾರ್ಡಿನ ಮೇಲೆ ಬರೀ ಕ್ರಮಸಂಖ್ಯೆ. ಅಳೆಯುವುದೂ ಅವಳೇ. ಒಂದು ಬೆಳಿಗ್ಗೆಗೆ ಎಂಟು ಒಂಬತ್ತು ಗ್ರೂಪ್, ಮೂರು ಭಾನುವಾರ.

ಎರಡನೇ ಭಾನುವಾರದ ಮಧ್ಯದಲ್ಲಿ ನನಗೆ ಒಂದು ಗ್ರೂಪ್ ಹೊಡೆದ ಕೂಡಲೇ ಗೊತ್ತಾಯಿತು. ಹಿಂದಿನದು ಕೆಟ್ಟದಿತ್ತು, ಇದು ಮೃದು. ಹೊಡೆದಾಗ ಸ್ಕೋಪಿನ ಗೆರೆ ಅಲ್ಲಾಡುವ ರೀತಿಯೇ ಬೇರೆ ಅನ್ನಿಸಿತು. "ಇದು 14. ಬರೆದಿಟ್ಟುಕೋ" ಅಂದೆ. ಅವಳು ತಲೆ ತಗ್ಗಿಸಿ ಬರೆಯುತ್ತಾ "ಹ್ಞೂಂ" ಅಂದಳು ಅಷ್ಟೇ.

ಮೂರನೇ ಭಾನುವಾರ ಮುಗಿಸಿ, ಅತ್ತೆಗೆ ಕಲ್ಲು ಬಿಟ್ಟುಕೊಟ್ಟು, ಜಗಲಿಯಲ್ಲಿ ಪುಸ್ತಕ ತೆರೆದೆವು. 2ರ ಸರಾಸರಿ 7.4. 6ರದ್ದು 7.9. 10ರದ್ದು 7.1. ಕೆಂಪು ಚುಕ್ಕಿಯ 14ರದ್ದು 7.6. 18ರದ್ದು 7.2. ಐದೇ ಗ್ರೂಪಿನ ಸರಾಸರಿ ಅಂದಮೇಲೆ ಅದೇ ಒಂದು ಮಿಲಿಮೀಟರಿನಷ್ಟು ಅತ್ತಿತ್ತ ಆಗುವಂಥದ್ದು. ಇವುಗಳ ನಡುವೆ ಭೇದ ಇದೆ ಅನ್ನಲು ನನಗೆ ಬಾಯಿ ಬರಲಿಲ್ಲ. ಆಮೇಲೆ ನನ್ನ ಆ "ಮೃದು" ಗ್ರೂಪಿನ ಸಾಲು ಹುಡುಕಿದೆ. ಹದಿಮೂರನೆಯದು. ಚೀಟಿ 10. ಅದರ ಹಿಂದಿನ, ನಾನು ಕೆಟ್ಟದು ಅಂದಿದ್ದ ಹನ್ನೆರಡನೆಯದು? ಅದೂ 10. ಒಂದೇ ಸಂಖ್ಯೆ ಎರಡು ಸಲ ಬಂದಿತ್ತು. ಅವಳು ಬಳೆಯನ್ನು ಮುಟ್ಟಿಯೇ ಇರಲಿಲ್ಲ, ಬಟ್ಟೆ ಬಿಚ್ಚಿ ಮತ್ತೆ ಸುತ್ತಿದ್ದಳು ಅಷ್ಟೇ.

"ಆಗಲೇ ಹೇಳಿದ್ರೆ ಪ್ರಯೋಗ ಹಾಳಾಗ್ತಿತ್ತು" ಅಂದಳು. ನಗು ತಡೆದುಕೊಳ್ಳಲಿಕ್ಕೆ ಬಾಯಿಗೆ ಪುಸ್ತಕ ಅಡ್ಡ ಹಿಡಿದಿದ್ದಳು.

ಟ್ಯೂನರ್ ಪೂರ್ತಿ ತೆಗೆದು ಇನ್ನೊಂದು ಬೆಳಿಗ್ಗೆ ಐದು ಗ್ರೂಪ್ ಹೊಡೆದೆ. 8.1. ಹಾಕಿದ್ದಕ್ಕಿಂತ ಸ್ವಲ್ಪ ದೊಡ್ಡದು, ಆದರೆ ಇದು ಬಚ್ಚಿಟ್ಟು ಮಾಡಿದ ಪರೀಕ್ಷೆ ಅಲ್ಲ. ಟ್ಯೂನರ್ ಹಾಕಿದೆಯೋ ಇಲ್ಲವೋ ಅಂತ ಸ್ಕೋಪಿನಲ್ಲಿ ನೋಡುವ ಮೊದಲೇ ಭಾರದಿಂದ ಗೊತ್ತಾಗುತ್ತದೆ. 140 ಗ್ರಾಂ ತುದಿಯಲ್ಲಿದ್ದರೆ ರೈಫಲ್ ಚೀಲದ ಮೇಲೆ ಇನ್ನೂ ಸುಮ್ಮನೆ ಕೂರುತ್ತದೆ, ಅದರ ಲಾಭವೇ ಇರಬಹುದು. ಪಾಯಿಂಟ್ ಟೂಟೂ ರೈಫಲಿನಲ್ಲಿ ಕಥೆ ಬೇರೆ ಇರಬಹುದು, ಅದರಲ್ಲಿ ಮದ್ದಿನ ಹೊಡೆತ ಜೋರು, 50 ಮೀಟರಿನಲ್ಲಿ ವೇಗದ ಹೆಚ್ಚುಕಡಿಮೆಯೂ ಜಾಸ್ತಿ ಕಾಣುತ್ತದೆ. ನನ್ನ ಈ ಗಾಳಿಯ ರೈಫಲಿನಲ್ಲಿ, ನನ್ನ ಕೈಯಲ್ಲಿ, ಗೀಟು ತಿರುಗಿಸಿ ಸಿಕ್ಕಿದ್ದು ಇಷ್ಟು. ಪೆಲೆಟ್ ಬದಲಿಸಿದಾಗ 31 ಇದ್ದದ್ದು 8 ಆಯಿತು. ಅದಕ್ಕೆ ಚೀಟಿಯೂ ಬೇಕಾಗಲಿಲ್ಲ, ಸಾಸಿವೆ ಡಬ್ಬಿಯೂ ಬೇಕಾಗಲಿಲ್ಲ.

ಮೇ ಕೊನೆಗೆ ಆಗುಂಬೆ ದಿಕ್ಕಿನಲ್ಲಿ ಗುಡುಗು ಶುರುವಾಯಿತು. ರೈಫಲಿಗೆ ಎಣ್ಣೆ ಒರೆಸಿ, ಅಕ್ಕಿ ಡ್ರಮ್ಮಿನ ಪಕ್ಕದ ಬೀರುವಿನಲ್ಲಿ ಬೀಗ ಹಾಕಿ ಇಟ್ಟೆ. ಮಳೆಗಾಲದ ನಮ್ಮ ಗಾಳಿಗೆ ಒಂದು ರಾತ್ರಿ ಸಾಕು, ಬೆರಳಿನ ಗುರುತಿನ ಜಾಗದಲ್ಲೇ ತುಕ್ಕು. ಟ್ಯೂನರನ್ನು ಬಿಚ್ಚಲಿಲ್ಲ, ಇದ್ದರೆ ಇರಲಿ. ತೋಳಿನ ಬೋಲ್ಟ್ ಗಟ್ಟಿ ಮಾಡಿ, ಗೀಟು 10ರಲ್ಲಿ ಬಿಟ್ಟೆ. ಕೆಂಪು ಚುಕ್ಕಿಯನ್ನು ಮಾತ್ರ ಅಸಿಟೋನ್ ಹಾಕಿ ಉಜ್ಜಿದೆ.

ಅದೇ ದಿನ ಹಗುರದ ಪೆಲೆಟಿನ ಖಾಲಿ ಡಬ್ಬಿ ಬೋರಲು ಹಾಕಿ, ತಳದ ಸ್ಟಿಕರಿನ ಬ್ಯಾಚ್ ನಂಬರ್ ಓದಿ, ತಂದ ಅಂಗಡಿಗೆ ಫೋನ್ ಮಾಡಿದೆ. ಇದೇ ನಂಬರಿನದ್ದು ಹತ್ತು ಡಬ್ಬಿ ಬೇಕಿತ್ತು ಅಂದೆ. ಅವರು ಒಳಗೆ ಹೋಗಿ ನೋಡಿ ಬಂದರು.

"ಅದು ಖಾಲಿ ಸರ್. ಹೊಸ ಬ್ಯಾಚ್ ಬಂದಿದೆ. ಒಂದು ಡಬ್ಬಿ ಕಳಿಸ್ಲಾ, ಹೊಡೆದು ನೋಡ್ತೀರಾ?"